ಆನ್‌ಲೈನ್ ಅಂಗಡಿಯ ಮೋಸವೂ ರೈತರು ವಹಿಸಬೇಕಾದ ಎಚ್ಚರಿಕೆಯೂ

ಬಿತ್ತನೆಗೆ ಮುಂಚೆ ಬೀಜದ ಮೊಳಕೆಯನ್ನು ಪರೀಕ್ಷಿಸಿ ನೋಡಬೇಕೆಂದು ಈ ಪತ್ರಿಕೆಯಲ್ಲಿ ಅನೇಕಾವರ್ತಿ ಬರೆದಿದ್ದೇವೆ. ನೂರು ಕಾಳುಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಕೆಲವು ದಿನಗಳ ಮೇಲೆ ಬಿಚ್ಚಿ, ಎಷ್ಟು ಮೊಳೆತಿವೆಯೆಂದು ಲೆಕ್ಕ ಹಾಕುವುದು ಬೇಸಾಯಗಾರರಿಗೆ ಹೊಸ ಮಾತಲ್ಲ. ನೋಡುವುದಕ್ಕೆ ಗುಂಡಾಗಿ ಹೊಳೆಯುವ ಕಾಳು ಮೊಳೆಯದೆ ಹೋಗುವುದೂ, ಮಂಕಾಗಿ ಕಾಣುವ ಕಾಳು ಚೆನ್ನಾಗಿ ಹುಟ್ಟುವುದೂ ಅವರ ಅನುಭವಕ್ಕೆ ಬಂದ ಸಂಗತಿಯೇ ಆಗಿದೆ. ಹೀಗೆ ಕಾಳಿನ ಮುಖವನ್ನು ನೋಡಿ ನಂಬದಿರುವ ಒಕ್ಕಲಿಗರು, ಮೊಬೈಲಿನ ತೆರೆಯ ಮೇಲೆ ಕಾಣುವ ಅಂಗಡಿಯ ಮುಖವನ್ನು ಮಾತ್ರ ನೋಡಿ, ವರ್ಷವೆಲ್ಲಾ ದುಡಿದ ಹಣವನ್ನು ಕಂಡರಿಯದವನ ಕೈಗೆ ಹಾಕಿಬಿಡುವುದು ಈಚೆಗೆ ಬಹಳವಾಗಿದೆ. ಅಂಗಡಿಗೂ ಮೊಳಕೆಯ ಪರೀಕ್ಷೆ ಉಂಟು. ಅದನ್ನು ಮಾಡುವ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಹೆಸರು, ಊರು ಬೇಡ.

ಮುಂಗಾರಿನ ರೋಹಿಣಿ ಮಳೆ ಬಿದ್ದು ಹೊಲಗಳೆಲ್ಲಾ ಉಳುಮೆಗೆ ಹದವಾಗಿದ್ದ ಕಾಲ. ಬೀಜ ಕೊಳ್ಳುವವರ ಸಂದಣಿಯಲ್ಲಿ ಒಬ್ಬ ಹಿರಿಯ ರೈತರು ರೈತ ಸಂಪರ್ಕ ಕೇಂದ್ರಕ್ಕೆ ಬಂದು, ಎಲ್ಲರೂ ಹೋಗುವವರೆಗೂ ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಆಮೇಲೆ ಹತ್ತಿರಕ್ಕೆ ಬಂದು, “ಸ್ವಾಮಿ, ಗಡಿ ಠಾಣೆಯ ಹಣಕ್ಕೆ ನಮ್ಮ ಇಲಾಖೆಯಿಂದ ಏನಾದರೂ ರಿಯಾಯಿತಿ ಉಂಟೇ?” ಎಂದು ಕೇಳಿದರು.

“ಯಾವ ಗಡಿ ಠಾಣೆ, ಯಜಮಾನರೆ?”

“ಟಿಲ್ಲರ್ ಬರುತ್ತಾ ಇದೆ, ಸ್ವಾಮಿ. ಗಡಿಯಲ್ಲಿ ಲಾರಿ ನಿಂತಿದೆಯಂತೆ. ಹನ್ನೊಂದು ಸಾವಿರ ಕಟ್ಟಿದರೆ ಬಿಡುತ್ತಾರಂತೆ.”

ವಿಚಾರಿಸಲಾಗಿ ತಿಳಿದುಬಂದದ್ದು ಇದು. ಫೇಸ್‌ಬುಕ್ಕಿನಲ್ಲಿ ಒಂದು ಜಾಹೀರಾತು ಅವರ ಕಣ್ಣಿಗೆ ಬಿದ್ದಿತು. ಪೇಟೆಯಲ್ಲಿ ಒಂದೂವರೆ ಲಕ್ಷ ರೂಪಾಯಿಗಳಿಗೆ ಕಡಿಮೆಯಾಗಿ ದೊರೆಯದ ಪವರ್ ಟಿಲ್ಲರನ್ನು ಅದರಲ್ಲಿ 38,500 ರೂಪಾಯಿಗಳಿಗೆ ಕೊಡುವುದಾಗಿ ಹೇಳಿತ್ತು. ಸಹಾಯಧನವನ್ನು ಕಳೆದು ಉಳಿದ ಬೆಲೆಯಿದು, ಮೊದಲು ಬಂದ 200 ಮಂದಿ ರೈತರಿಗೆ ಮಾತ್ರ, ಎಂದು ಕೆಳಗೆ ಬರೆದಿತ್ತು. ಸಿಂಹಮುದ್ರೆಯೂ ಇತ್ತು. ಜಾಹೀರಾತನ್ನು ಒತ್ತಿದೊಡನೆ ಒಂದು ಅಂಗಡಿ ತೆರೆದುಕೊಂಡಿತು: ಕಾರ್ಖಾನೆಯ ಚಿತ್ರ, ಸಾಲಾಗಿ ನಿಂತ ಯಂತ್ರಗಳು, ಕೊಂಡವರ ಹೊಗಳಿಕೆ. ಫೋನಿನಲ್ಲಿ ಮಾತನಾಡಿದವನು ಸೊಗಸಾದ ಕನ್ನಡದಲ್ಲಿಯೇ “ಅಪ್ಪಾಜಿ” ಎಂದು ಕರೆದನು. ನೋಂದಣಿಗೆಂದು 1,999 ರೂಪಾಯಿ ಹೋಯಿತು. ಎರಡು ದಿನಗಳ ಮೇಲೆ ಸಾಗಾಣಿಕೆಗೂ ವಿಮೆಗೂ 9,500. ಅದಾದ ಮೇಲೆ, ಯಂತ್ರ ಕೈಸೇರಿದೊಡನೆ ಹಿಂದಕ್ಕೆ ಬರತಕ್ಕ ತೆರಿಗೆಯ ಠೇವಣಿಯೆಂದು 14,000. ಒಟ್ಟು 25,499 ರೂಪಾಯಿಗಳು. ಇದರಲ್ಲಿ ಹೆಚ್ಚು ಭಾಗ ಮಗಳ ಸರವನ್ನು ಅಡವಿಟ್ಟು ತಂದದ್ದು. ಉಳಿದ ಬೆಲೆಯನ್ನು ಯಂತ್ರ ಬಂದ ಮೇಲೆ ಕೊಟ್ಟರೆ ಸಾಕೆಂದು ಹೇಳಿದ್ದರಿಂದ ಅವರಿಗೆ ಸಂಶಯವೇ ಹುಟ್ಟಲಿಲ್ಲ.

ಗಡಿ ಠಾಣೆಯ ಮಾತೇ ಮೋಸವನ್ನು ಬಯಲಿಗೆಳೆಯಿತು. ಸರಕು ಮತ್ತು ಸೇವಾ ತೆರಿಗೆಯು, ಎಂದರೆ ಜಿ.ಎಸ್.ಟಿ.ಯು, 2017ನೆಯ ಇಸವಿ ಜುಲೈ 1ರಂದು ಜಾರಿಗೆ ಬಂದ ಮೇಲೆ, ರಾಜ್ಯ ರಾಜ್ಯಗಳ ಗಡಿಯಲ್ಲಿ ವಾಣಿಜ್ಯ ತೆರಿಗೆಗಾಗಿ ಲಾರಿಗಳನ್ನು ತಡೆಯುತ್ತಿದ್ದ ತಪಾಸಣಾ ಠಾಣೆಗಳನ್ನು ತೆಗೆದುಹಾಕಲಾಯಿತು. ಇಲ್ಲದ ಠಾಣೆಯಲ್ಲಿ ಇಲ್ಲದ ಲಾರಿ ನಿಂತಿತ್ತು.

ಮೋಸದ ಬಗೆ.—ಈ ವಂಚಕರು ಒಂದೇ ಸಲಕ್ಕೆ ದೊಡ್ಡ ಮೊತ್ತವನ್ನು ಕೇಳುವುದಿಲ್ಲವೆಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಮೊದಲು ಕೇಳುವ ಹಣ, ಹೋದರೆ ಹೋಗಲೆನ್ನುವಷ್ಟು ಅಲ್ಪವಾಗಿರುತ್ತದೆ. ಎರಡನೆಯ ಸಲ ಕೇಳುವಾಗ ಮೊದಲು ಕೊಟ್ಟದ್ದು ಹಾಳಾಗಬಾರದೆಂಬ ಆಸೆ ಸೇರಿಕೊಳ್ಳುತ್ತದೆ. ಮೂರನೆಯ ಸಲಕ್ಕೆ ಆ ಆಸೆಯೇ ಮನುಷ್ಯನನ್ನು ಮುಂದಕ್ಕೆ ತಳ್ಳುತ್ತದೆ. ಬತ್ತುವ ಬಾವಿಯನ್ನು ಇನ್ನೊಂದು ಮಾರು ತೋಡಿದರೆ ನೀರು ಬಂದೀತೆಂದು ತೋಡುತ್ತಲೇ ಹೋಗುವವನಂತೆ, ಹಣ ಕೊಟ್ಟವನು ಕೊಡುತ್ತಲೇ ಹೋಗುತ್ತಾನೆ. ಇವರು ಕಾಲವನ್ನೂ ನೋಡಿಯೇ ಹೊರಡುತ್ತಾರೆ. ಬಿತ್ತನೆಯ ಹಂಗಾಮಿನಲ್ಲಿ ಟಿಲ್ಲರು, ಬೀಜ. ಗೊಬ್ಬರಕ್ಕೆ ಸಾಲು ನಿಂತಿರುವಾಗ ಯೂರಿಯ. ಬೇಸಿಗೆಯಲ್ಲಿ ಸೌರ ಪಂಪು. ಹದ ತಪ್ಪಿದರೆ ವರ್ಷ ತಪ್ಪಿತೆಂಬುದು ರೈತನಿಗೆ ಗೊತ್ತು; ರೈತನಿಗೆ ಅದು ಗೊತ್ತೆಂಬುದು ವಂಚಕನಿಗೂ ಗೊತ್ತು. ಆದಕಾರಣ “ಈ ದಿನ ಸಂಜೆಯೊಳಗೆ” ಎಂಬ ಮಾತು ಯಾವ ಜಾಹೀರಾತಿನಲ್ಲಿ ಬಂದರೂ, ಆ ಸಂಜೆ ಕಳೆಯುವವರೆಗೆ ಹಣ ಕಳುಹಿಸದಿರುವುದೇ ಲೇಸು.

ಟಿಲ್ಲರೊಂದೇ ಅಲ್ಲ. ಗೀರ್ ಹಸು, ಮುರ್ರಾ ಎಮ್ಮೆಗಳ ಚಿತ್ರವನ್ನು ತೋರಿಸಿ, ಹಾಲು ಕರೆಯುವ ವೀಡಿಯೋವನ್ನು ಕಳುಹಿಸಿ, ಲಾರಿ ಬಾಡಿಗೆಯೆಂದು ಮುಂಗಡ ಪಡೆದು ಮಾಯವಾಗುವವರಿದ್ದಾರೆ. ಸೈನ್ಯದಲ್ಲಿರುವೆನೆಂದೂ, ಬೇರೆ ಊರಿಗೆ ವರ್ಗವಾಗಿರುವುದರಿಂದ ಟ್ರ್ಯಾಕ್ಟರನ್ನೋ ಬೈಕನ್ನೋ ಅಗ್ಗವಾಗಿ ಮಾರುವೆನೆಂದೂ ಹೇಳಿ, ಸಮವಸ್ತ್ರದ ಚಿತ್ರವಿರುವ ಗುರುತಿನ ಚೀಟಿಯನ್ನು ವಾಟ್ಸಾಪಿನಲ್ಲಿ ಕಳುಹಿಸುವವರಿದ್ದಾರೆ. ಗೊಬ್ಬರದ ಏಜೆನ್ಸಿ ಕೊಡಿಸುವೆವೆಂದು ಹೆಸರಾಂತ ಗೊಬ್ಬರದ ಸಂಸ್ಥೆಗಳ ಮುದ್ರೆಯನ್ನೇ ನಕಲು ಮಾಡಿ ಠೇವಣಿ ಕೀಳುವುದೂ ಉಂಟು. ಇನ್ನು ನೀಲಿ ಬಣ್ಣದ ಸ್ಟ್ರಾಬೆರಿಯ ಬೀಜವನ್ನು ಆನ್‌ಲೈನಿನಲ್ಲಿ ಮಾರುವವರ ವಿಷಯವನ್ನು ಏನು ಹೇಳೋಣ! ಅಂಥ ಹಣ್ಣೇ ಜಗತ್ತಿನಲ್ಲಿ ಇಲ್ಲ. ಚಿತ್ರಕ್ಕೆ ಬಣ್ಣ ಬಳಿದದ್ದು. ಆದರೂ ಅದನ್ನು ತರಿಸಿ ಕುಂಡದಲ್ಲಿ ನೆಟ್ಟು ಕಾದು ಕುಳಿತವರು ನಮ್ಮ ಕೇಂದ್ರಕ್ಕೆ ಬಂದು, ಗೊಬ್ಬರ ಯಾವುದು ಹಾಕಬೇಕೆಂದು ಕೇಳಿದ್ದುಂಟು.

ಕಾಣದ ಅಂಗಡಿಯಿಂದ ಕೊಳ್ಳುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಅಂಚೆಯ ಇಲಾಖೆಯವರು 1877ರಲ್ಲಿಯೇ ವಿ.ಪಿ. ಪದ್ಧತಿಯನ್ನು ಪ್ರಾರಂಭಿಸಿದರು. ಬೆಲೆಪಟ್ಟಿಯನ್ನು ನೋಡಿ ಕಾಗದ ಬರೆದರೆ ಸಾಮಾನು ಅಂಚೆಯಲ್ಲಿ ಬರುತ್ತಿತ್ತು. ಅಂಚೆಯವನಿಗೆ ಹಣ ಕೊಟ್ಟು ಗಂಟನ್ನು ಬಿಡಿಸಿಕೊಳ್ಳಬೇಕಾಗಿತ್ತು. ಗಡಿಯಾರವೆಂದು ತರಿಸಿದ ಗಂಟಿನಲ್ಲಿ ಇಟ್ಟಿಗೆಯ ಚೂರು ಬಂದ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಅಂದಿನ ಮೋಸಗಾರನಿಗೆ ಒಂದು ಗಂಟನ್ನಾದರೂ ಕಟ್ಟಿ ಕಳುಹಿಸುವ ಶ್ರಮವಿತ್ತು. ಇಂದಿನವನಿಗೆ ಇಟ್ಟಿಗೆಯ ಖರ್ಚೂ ಇಲ್ಲ.

ವಿಳಾಸವನ್ನು ಓದುವ ಕ್ರಮ.—ಆನ್‌ಲೈನ್ ಅಂಗಡಿಗೆ ತೆರೆಯ ಮೇಲ್ಭಾಗದಲ್ಲಿ ಒಂದು ವಿಳಾಸವಿರುತ್ತದೆ. ಅದನ್ನು ಓದುವುದನ್ನು ಎಲ್ಲರೂ ಕಲಿಯಬೇಕು. ಇಂಗ್ಲಿಷ್ ಬಾರದವರು ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬಹುದು. ಕಾಗದದ ಲಕೋಟೆಯ ಮೇಲೆ ಮೊದಲು ಹೆಸರು, ಆಮೇಲೆ ಊರು, ತಾಲ್ಲೂಕು, ಕಡೆಯಲ್ಲಿ ಜಿಲ್ಲೆ ಇರುವಂತೆಯೇ ಇಲ್ಲಿಯೂ ಚುಕ್ಕೆಗಳಿಂದ ಬೇರ್ಪಟ್ಟ ಭಾಗಗಳಿರುತ್ತವೆ. ಮುಂದಿನ ಭಾಗದಲ್ಲಿ ಯಾರು ಯಾವ ಹೆಸರನ್ನು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದದ್ದು ಕಡೆಯ ಭಾಗವನ್ನು; ಎಂದರೆ, ಮೊದಲನೆಯ ಓರೆಗೆರೆ ಬರುವುದಕ್ಕೆ ಮುಂಚೆ ಇರುವುದನ್ನು. ಭಾರತದ ಸರ್ಕಾರಿ ಕಛೇರಿಗಳ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಎಂದೋ ‘ನಿಕ್ ಡಾಟ್ ಇನ್’ ಎಂದೋ ಮುಗಿಯುತ್ತದೆ. ‘ಗವ್’ ಎಂದರೆ ಜಿ, ಒ, ವಿ ಎಂಬ ಮೂರು ಅಕ್ಷರಗಳು. ‘ನಿಕ್’ ಎಂದರೆ ಎನ್, ಐ, ಸಿ. ಈ ಕೊನೆಗಳನ್ನು ಖಾಸಗಿಯವರು ಹಣ ಕೊಟ್ಟು ಕೊಳ್ಳುವಂತಿಲ್ಲ. ‘ಕಾಮ್’, ‘ಆರ್ಗ್’, ‘ಕೋ ಡಾಟ್ ಇನ್’ ಮೊದಲಾದುವನ್ನಾದರೋ ಅಲ್ಪ ಹಣಕ್ಕೆ ಯಾರಾದರೂ ಕೊಳ್ಳಬಹುದು.

ಸೌರ ಪಂಪುಗಳಿಗಾಗಿ ಕೇಂದ್ರ ಸರ್ಕಾರವು 2019ರಲ್ಲಿ ಪ್ರಾರಂಭಿಸಿದ ಪಿ.ಎಂ. ಕುಸುಮ್ ಯೋಜನೆಯಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. ಯೋಜನೆ ಹೊರಟೊಡನೆಯೇ ಅದರ ಹೆಸರನ್ನು ಹಿಂದುಮುಂದು ಮಾಡಿ, ‘ಕಿಸಾನ್’, ‘ಯೋಜನಾ’, ‘ಆನ್‌ಲೈನ್’ ಎಂಬ ಪದಗಳನ್ನು ಸೇರಿಸಿ ಹಲವು ಕಳ್ಳ ಜಾಲತಾಣಗಳು ಹುಟ್ಟಿಕೊಂಡುವು. ಅವು ರೈತರಿಂದ ನೋಂದಣಿ ಶುಲ್ಕವೆಂದೂ ಪಂಪಿನ ಬೆಲೆಯೆಂದೂ ಹಣವನ್ನು ಪಡೆಯತೊಡಗಿದುವು. ಆ ಯೋಜನೆಗೆ ಸಂಬಂಧಪಟ್ಟ ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಮಂತ್ರಾಲಯದವರು ಅದೇ ವರ್ಷದಿಂದ ಮೇಲಿಂದ ಮೇಲೆ ಪ್ರಕಟಣೆ ಹೊರಡಿಸಿ, ಯೋಜನೆಯು ರಾಜ್ಯಗಳ ಇಲಾಖೆಗಳ ಮೂಲಕವೇ ನಡೆಯುವುದೆಂದೂ, ಇಂಥ ಜಾಲತಾಣಗಳಿಗೆ ಹಣ ಕಟ್ಟಕೂಡದೆಂದೂ ತಿಳಿಸಬೇಕಾಯಿತು. ವಿಳಾಸದ ಕಡೆಯ ಭಾಗವನ್ನು ಓದಲು ಬಂದಿದ್ದರೆ ಅನೇಕರ ಹಣ ಉಳಿಯುತ್ತಿತ್ತು.

ವಿಳಾಸದ ಪಕ್ಕದಲ್ಲಿ ಬೀಗದ ಗುರುತಿದ್ದರೆ ಅಂಗಡಿ ನಂಬತಕ್ಕದ್ದೆಂದು ಕೆಲವರು ಹೇಳುತ್ತಾರೆ. ಇದು ಅರ್ಧ ಮಾತು. ನೀವು ಕಳುಹಿಸುವ ವಿಷಯವನ್ನು ದಾರಿಯಲ್ಲಿ ಮತ್ತೊಬ್ಬರು ಓದಲಾರರೆಂಬುದಷ್ಟೇ ಆ ಬೀಗದ ಅರ್ಥ. ಲಕೋಟೆಯನ್ನು ಚೆನ್ನಾಗಿ ಅಂಟಿಸಿದ ಮಾತ್ರಕ್ಕೆ ಒಳಗಿನ ಕಾಗದವನ್ನು ಬರೆದವನು ಸತ್ಯವಂತನಾಗುವನೆ? ಈಗಿನ ಕಳ್ಳ ಅಂಗಡಿಗಳಲ್ಲಿ ಬಹುಪಾಲಿಗೆ ಬೀಗವಿದೆ.

ಅಂಗಡಿಯ ಬೇರನ್ನು ಪರೀಕ್ಷಿಸುವುದು.—ಮೇಲೆ ಹೇಳಿದ ಹಿರಿಯರಿಗೆ ಬಂದಿದ್ದ ಬಿಲ್ಲನ್ನು ನಾವು ಅವರೆದುರಿಗೇ ಪರೀಕ್ಷೆಗೆ ಒಡ್ಡಿದೆವು. ಅದರ ತಲೆಯಲ್ಲಿ ಜಿ.ಎಸ್.ಟಿ. ನೋಂದಣಿ ಸಂಖ್ಯೆ ಇತ್ತು. ಈ ಸಂಖ್ಯೆಯಲ್ಲಿ ಅಂಕೆ ಅಕ್ಷರಗಳು ಸೇರಿ 15 ಇರಬೇಕು. ಮೊದಲಿನ ಎರಡು ಅಂಕೆಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ಣಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33, ದೆಹಲಿಗೆ 07. ಅನಂತರದ ಹತ್ತು ವ್ಯಾಪಾರಿಯ ಪ್ಯಾನ್ ಸಂಖ್ಯೆ. ಬಿಲ್ಲಿನಲ್ಲಿ ಕಾರ್ಖಾನೆಯು ಮಹಾರಾಷ್ಟ್ರದಲ್ಲಿರುವುದಾಗಿ ಅಚ್ಚಾಗಿತ್ತು. ಸಂಖ್ಯೆಯಾದರೋ 07ರಿಂದ ಮೊದಲಾಗಿತ್ತು. ದೊಡ್ಡ ವ್ಯಾಪಾರಿಗಳು ಎರಡು ಮೂರು ರಾಜ್ಯಗಳಲ್ಲಿ ನೋಂದಾಯಿಸಿಕೊಂಡಿರುವುದುಂಟಾದುದರಿಂದ ಅಷ್ಟಕ್ಕೇ ತೀರ್ಮಾನಕ್ಕೆ ಬರಲಾಗದು. ಜಿ.ಎಸ್.ಟಿ. ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ ಹುಡುಕಿದೆವು. ಇದಕ್ಕೆ ಹಣವಿಲ್ಲ, ಯಾರು ಬೇಕಾದರೂ ಹುಡುಕಬಹುದು. ಸಂಖ್ಯೆ ನಿಜವಾದದ್ದೇ; ಆದರೆ ಅದು ಒಬ್ಬ ಬಟ್ಟೆ ವ್ಯಾಪಾರಿಯದು. ಪಾಪ, ತನ್ನ ಸಂಖ್ಯೆಯಿಂದ ಟಿಲ್ಲರು ಮಾರಾಟವಾಗುತ್ತಿರುವ ಸಂಗತಿ ಆತನಿಗೂ ತಿಳಿದಿರಲಾರದು. ಆದುದರಿಂದ ಸಂಖ್ಯೆ ಇದೆಯೆಂಬುದರಿಂದಲೂ, ಸಂಖ್ಯೆ ನಿಜವೆಂಬುದರಿಂದಲೂ ತೃಪ್ತರಾಗಕೂಡದು. ಅಂಗಡಿಯ ಹೆಸರು, ವಿಳಾಸ, ಮಾರುವ ಪದಾರ್ಥ ಈ ಮೂರೂ ಹೊಂದಬೇಕು.

ಎರಡನೆಯದಾಗಿ, ಅಂಗಡಿಯ ವಯಸ್ಸು. ಪ್ರತಿಯೊಂದು ಜಾಲತಾಣದ ಹೆಸರೂ ಒಂದು ದಿನ ನೋಂದಣಿಯಾಗಿರುತ್ತದೆ, ಆ ತಾರೀಖನ್ನು ತಿಳಿಸುವ ‘ಹೂ ಈಸ್’ ಎಂಬ ಹುಡುಕಾಟದ ತಾಣಗಳು ಅನೇಕ ಇವೆ. ಮೂವತ್ತು ವರ್ಷಗಳ ಸೇವೆಯೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದ ಆ ಅಂಗಡಿಯ ಹೆಸರು ಹತ್ತೊಂಬತ್ತು ದಿನಗಳ ಕೆಳಗೆ ನೋಂದಣಿಯಾದದ್ದಾಗಿತ್ತು. ಅದನ್ನು ಓದಿ ಹೇಳಿದಾಗ ಹಿರಿಯರು ಮೊದಲ ಬಾರಿಗೆ ಕುರ್ಚಿಯ ಮೇಲೆ ಕುಳಿತರು. ಕಾರ್ಖಾನೆಯ ಚಿತ್ರವನ್ನು ಮೊಬೈಲಿನ ಗೂಗಲ್ ಲೆನ್ಸ್‌ನಿಂದ ಹುಡುಕಲಾಗಿ, ಅದೇ ಚಿತ್ರ ಮತ್ತೊಂದು ದೇಶದ ಕಾರ್ಖಾನೆಯದೆಂದು ಗೊತ್ತಾಯಿತು. ಇಷ್ಟಕ್ಕೂ ಹಿಡಿದ ಕಾಲ ಕಾಲು ಗಂಟೆ.

ಇನ್ನೂ ಸುಲಭವಾದ ಪರೀಕ್ಷೆಯೊಂದಿದೆ. ಕೇಂದ್ರ ಸರ್ಕಾರದವರು 2020ರ ಜುಲೈನಲ್ಲಿ ಹೊರಡಿಸಿದ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ, ಆನ್‌ಲೈನಿನಲ್ಲಿ ವ್ಯಾಪಾರ ನಡೆಸುವ ಸಂಸ್ಥೆಯು ತನ್ನ ಕಾನೂನುಬದ್ಧವಾದ ಹೆಸರು, ಪ್ರಧಾನ ಕಛೇರಿಯ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಇವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸತಕ್ಕದ್ದು. ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಮಾಡತಕ್ಕದ್ದು. ಕಳ್ಳ ಅಂಗಡಿಯಲ್ಲಿ ಸಾಮಾನ್ಯವಾಗಿ ಒಂದು ವಾಟ್ಸಾಪ್ ಸಂಖ್ಯೆಯ ಹೊರತು ಮತ್ತೇನೂ ಇರುವುದಿಲ್ಲ. ಯಂತ್ರವನ್ನು ಕೊಳ್ಳುವವರು ತಯಾರಕರ ಅಧಿಕೃತ ವಿತರಕರು ಯಾರೆಂಬುದನ್ನು ಕೇಳಿ ತಿಳಿಯುವುದೂ ಒಳ್ಳೆಯದು. ಆದರೆ ಜಾಹೀರಾತಿನಲ್ಲಿರುವ ಸಂಖ್ಯೆಗೇ ಫೋನ್ ಮಾಡಿ ಕೇಳಿದರೆ ಕಳ್ಳನನ್ನೇ ಕಳ್ಳನ ವಿಷಯ ಕೇಳಿದಂತಾಗುತ್ತದೆ. ಅಂಥ ಯಂತ್ರವನ್ನು ಮೊದಲೇ ಕೊಂಡಿರುವ ನೆರೆಯವರ ಬಿಲ್ಲಿನಲ್ಲಿರುವ ಸಂಖ್ಯೆಗೆ ಮಾಡಬೇಕು.

ಬೀಜ, ಔಷಧಿ, ಗೊಬ್ಬರ.—ಈ ಮೂರರ ವಿಷಯದಲ್ಲಿ ರೈತರಿಗೆ ಇನ್ನೊಂದು ಕಾವಲಿದೆ. ಇವನ್ನು ಮಾರುವವರಿಗೆ ಪರವಾನಗಿ ಬೇಕು. ಬೀಜಕ್ಕೆ ಈ ನೇಮವನ್ನು 1983ರ ಬೀಜ ನಿಯಂತ್ರಣ ಆದೇಶವು ತಂದಿತು. ಕೀಟನಾಶಕಗಳನ್ನು ಆನ್‌ಲೈನಿನಲ್ಲಿ ಮಾರಲು 2022ರ ನವೆಂಬರಿನಲ್ಲಿ ಅವಕಾಶ ಕೊಟ್ಟಾಗಲೂ ಪರವಾನಗಿ ಉಳ್ಳವರಿಗೆ ಮಾತ್ರವೇ ಕೊಡಲಾಯಿತು. ಮಾರುವವನ ಪರವಾನಗಿಯನ್ನು ಪರಿಶೀಲಿಸುವ ಹೊಣೆಯನ್ನು ಆ ಆನ್‌ಲೈನ್ ಸಂಸ್ಥೆಯ ಮೇಲೆಯೇ ಹೊರಿಸಲಾಯಿತು. ಪರವಾನಗಿಯ ಸಂಖ್ಯೆಯನ್ನು ಕೇಳಿದೊಡನೆ ಮಾತು ಬದಲಿಸುವವನ ಬಳಿ ವ್ಯಾಪಾರ ಬೇಡ. ಸಹಾಯಧನದ ಯೂರಿಯ ಮೊದಲಾದ ಗೊಬ್ಬರಗಳಾದರೋ 2018ರಿಂದ ದೇಶದಲ್ಲೆಲ್ಲಾ ಅಂಗಡಿಯ ಪಿ.ಓ.ಎಸ್. ಯಂತ್ರದ ಮೂಲಕ, ಕೊಳ್ಳುವವನ ಗುರುತನ್ನು ದಾಖಲಿಸಿಯೇ ಮಾರಾಟವಾಗುತ್ತಿವೆ. ಹೆಬ್ಬೆಟ್ಟಿಲ್ಲದೆ ಮನೆ ಬಾಗಿಲಿಗೆ ಸಹಾಯಧನದ ಯೂರಿಯದ ಲಾರಿಯನ್ನೇ ಕಳುಹಿಸುತ್ತೇನೆನ್ನುವ ವಾಟ್ಸಾಪ್ ವ್ಯಾಪಾರಿಯ ಮಾತಿಗೆ ಎಷ್ಟು ಬೆಲೆಯೆಂಬುದನ್ನು ವಾಚಕರೇ ಊಹಿಸಬಹುದು.

ಬೀಜದ ಚೀಲಕ್ಕೆ ಪ್ರಮಾಣಿತ ಬೀಜವಾದರೆ ನೀಲಿ, ಮೂಲ ಬೀಜವಾದರೆ ಬಿಳಿಯ ಚೀಟಿ ಇರುತ್ತದೆ. ಚಿತ್ರದಲ್ಲಿ ಚೀಟಿ ಕಂಡರೆ ಸಾಲದು. ಬೀಜ ಕೈಗೆ ಬಂದ ಮೇಲೆ ಚೀಟಿಯನ್ನೂ ಬಿಲ್ಲನ್ನೂ ಚೀಲದಲ್ಲಿ ಸ್ವಲ್ಪ ಬೀಜವನ್ನೂ ಬೆಳೆ ಕೈಗೆ ಬರುವವರೆಗೆ ಜೋಪಾನ ಮಾಡಬೇಕು. ಕೇಳದೆಯೇ ಅಂಚೆಯಲ್ಲಿ ಬಂದ ಬೀಜವನ್ನು ಯಾವ ಕಾರಣಕ್ಕೂ ಬಿತ್ತಕೂಡದು. 2020ರಲ್ಲಿ ಅಮೆರಿಕ ಮೊದಲಾದ ದೇಶಗಳ ಮನೆಮನೆಗೆ ಇಂಥ ಪೊಟ್ಟಣಗಳು ಬಂದುವು. ಆನ್‌ಲೈನ್ ಅಂಗಡಿಗಳು ಸುಳ್ಳು ಮಾರಾಟವನ್ನು ತೋರಿಸಿಕೊಳ್ಳಲು ಹೂಡಿದ ಉಪಾಯವಿದೆಂದು ಅನೇಕರು ಊಹಿಸಿದರು. ಅವುಗಳೊಡನೆ ಹೊಸ ಕಳೆ, ಹೊಸ ರೋಗ ಬಂದೀತೆಂಬ ಭಯದಿಂದ ನಮ್ಮ ಕೇಂದ್ರ ಕೃಷಿ ಮಂತ್ರಾಲಯದವರೂ ಆ ವರ್ಷದ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟರು.

ಹಣ ಕೊಡುವಾಗ.—ಎಷ್ಟು ಪರೀಕ್ಷೆ ಮಾಡಿದರೂ ಕಡೆಯ ಬಾಗಿಲು ಇದೇ. ಯು.ಪಿ.ಐ. ಮೂಲಕ ಹಣ ಕಳುಹಿಸುವಾಗ ಪಿನ್ ಒತ್ತುವುದಕ್ಕೆ ಮುಂಚೆ ಹಣ ಸೇರುವವರ ಹೆಸರು ತೆರೆಯ ಮೇಲೆ ಬರುತ್ತದೆ. ಅಲ್ಲಿ ಒಂದು ಉಸಿರು ತಡೆದು ಓದಬೇಕು. ಅಂಗಡಿಯ ಹೆಸರು ಭಾರಿಯಾದ ಕೃಷಿ ಉದ್ಯಮವೆಂದಿದ್ದು, ಹಣ ಹೋಗುವುದು ಯಾರೋ ಒಬ್ಬ ವ್ಯಕ್ತಿಯ ಹೆಸರಿಗಾದರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ನಮ್ಮ ಹಿರಿಯರು ಮೂರು ಸಲ ಹಣ ಕಳುಹಿಸಿದ್ದು ಮೂರು ಬೇರೆ ಬೇರೆ ಹೆಸರಿಗೆ. “ಅವರ ಗುಮಾಸ್ತರೆಂದುಕೊಂಡೆ, ಸ್ವಾಮಿ” ಎಂದರು. ಆ ಹೆಸರಿನವರೂ ಅನೇಕ ವೇಳೆ ನಿಜವಾದ ಕಳ್ಳರಾಗಿರುವುದಿಲ್ಲ. ಅಲ್ಪ ಹಣದ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಟ್ಟ ಬಡವರೋ ವಿದ್ಯಾರ್ಥಿಗಳೋ ಆಗಿರುತ್ತಾರೆ. ಹೀಗೆ ಖಾತೆಯನ್ನು ಕೊಡುವುದೂ ಅಪರಾಧವೇ ಎಂಬುದನ್ನು ಹಳ್ಳಿಯ ಯುವಕರು ತಿಳಿದಿರಬೇಕು.

ಹಣವನ್ನು ಪಡೆಯುವುದಕ್ಕೆ ಪಿನ್ ಬೇಡ. ಠೇವಣಿ ಹಿಂದಕ್ಕೆ ಕೊಡುತ್ತೇವೆ, ಈ ಸ್ಕ್ಯಾನರ್ ಚಿತ್ರವನ್ನು ಹಿಡಿದು ಪಿನ್ ಒತ್ತಿರಿ ಎಂದರೆ, ಅದು ನಿಮ್ಮ ಖಾತೆಯಿಂದ ಹಣ ಹೋಗುವ ದಾರಿಯೇ ಸರಿ. ವಾಟ್ಸಾಪಿನಲ್ಲಿ ಕಳುಹಿಸಿದ ಆ್ಯಪನ್ನು ಮೊಬೈಲಿಗೆ ಹಾಕಿಕೊಳ್ಳಲೂ ಕೂಡದು. ಸಾಮಾನು ಬಂದ ಮೇಲೆ ಹಣ ಕೊಡುವ ಪದ್ಧತಿ ಸ್ವಲ್ಪ ಮೇಲು. ಆದರೆ ಹಳೆಯ ವಿ.ಪಿ. ಗಂಟಿನ ದೋಷ ಅದಕ್ಕೂ ಇದೆ. ಪೆಟ್ಟಿಗೆಯನ್ನು ತೆರೆಯುವಾಗ ಮೊದಲಿನಿಂದ ಕಡೆಯವರೆಗೆ ವೀಡಿಯೋ ತೆಗೆದಿಟ್ಟುಕೊಂಡರೆ ದೂರಿಗೆ ಬಲ ಬರುತ್ತದೆ. ಟಿಲ್ಲರಿನಂಥ ದೊಡ್ಡ ಯಂತ್ರವನ್ನು ಕಣ್ಣಾರೆ ನೋಡದೆ, ಓಡಿಸದೆ ಕೊಳ್ಳುವುದೇ ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ. ಹಲ್ಲು ಎಣಿಸದೆ, ನಡೆಸಿ ನೋಡದೆ ಜಾತ್ರೆಯಲ್ಲಿ ಎತ್ತನ್ನು ಕೊಂಡವರುಂಟೆ?

ಮೋಸ ಹೋದ ಮೇಲೆ.—ಹಣ ಕೈಬಿಟ್ಟಿತೆಂದು ತಿಳಿದ ಕ್ಷಣವೇ 1930 ಎಂಬ ಸಂಖ್ಯೆಗೆ ಫೋನ್ ಮಾಡಬೇಕು. 2021ರಲ್ಲಿ ಬೇರೊಂದು ಸಂಖ್ಯೆಯಿಂದ ಪ್ರಾರಂಭವಾಗಿ ಈ ಸಂಖ್ಯೆಗೆ ಬಂದ ಈ ಸಹಾಯವಾಣಿಯು ಕೇಂದ್ರ ಗೃಹ ಮಂತ್ರಾಲಯದ ಏರ್ಪಾಡಿಗೆ ಸೇರಿದ್ದು. ಕಳುಹಿಸಿದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ. ಯಾರಾದರೂ ಅದನ್ನು ಎಣಿಸಿ ತೆಗೆದುಕೊಳ್ಳುವುದಕ್ಕೆ ಮುಂಚೆ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿದರೆ ಅದು ಇದ್ದಲ್ಲಿಯೇ ತಡೆಹಿಡಿಯಲ್ಪಡುತ್ತದೆ. ನಾಲೆಗೆ ಬಿಟ್ಟ ನೀರನ್ನು ತೂಬಿನ ಬಳಿ ನಿಲ್ಲಿಸಬಹುದು. ಗದ್ದೆ ಗದ್ದೆಗೆ ಹರಿದ ಮೇಲೆ ಬೊಗಸೆಯಲ್ಲಿ ತುಂಬಲಾಗದು. ಮೊದಲ ಒಂದೆರಡು ಗಂಟೆಗಳಿಗೆ ಇರುವ ಬೆಲೆ ಮಾರನೆಯ ದಿನಕ್ಕಿಲ್ಲ. ಫೋನ್ ಮಾಡುವಾಗ ಹಣ ಹೋದ ಹೊತ್ತು, ಮೊತ್ತ, ನಿಮ್ಮ ಬ್ಯಾಂಕಿನ ಹೆಸರು, ವಂಚಕನ ಫೋನ್ ಸಂಖ್ಯೆ, ಯು.ಪಿ.ಐ. ಪಾವತಿಗೆ ಬರುವ 12 ಅಂಕೆಗಳ ಉಲ್ಲೇಖ ಸಂಖ್ಯೆ ಇವು ಕೈಯಲ್ಲಿರಬೇಕು. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಎಂಬ ಜಾಲತಾಣದಲ್ಲಿಯೂ ದೂರನ್ನು ಬರೆಯಬಹುದು. ಬ್ಯಾಂಕಿಗೂ ತಿಳಿಸಬೇಕು. ವಾಟ್ಸಾಪಿನ ಮಾತುಕತೆಯನ್ನು ಸಿಟ್ಟಿನಿಂದ ಅಳಿಸಿಹಾಕುವವರಿದ್ದಾರೆ. ಅದೇ ಸಾಕ್ಷ್ಯವಾದುದರಿಂದ ಅಳಿಸಕೂಡದು. ಅಂಗಡಿ ನಿಜವಾದದ್ದೇ ಆಗಿದ್ದು ಸಾಮಾನು ಕೆಟ್ಟದ್ದಾಗಿದ್ದರೆ ಅದು ಬೇರೆ ಬಗೆಯ ತಕರಾರು. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ ಇದೆ.

ಹೋದ ಹಣವನ್ನು ತರಿಸಿಕೊಡುವೆವೆಂದು ಶುಲ್ಕ ಕೇಳುವ ‘ವಕೀಲರೂ’ ‘ಅಧಿಕಾರಿಗಳೂ’ ಕೆಲವು ದಿನಗಳಲ್ಲಿಯೇ ಫೋನ್ ಮಾಡುತ್ತಾರೆ. ಅವರು ಬಹುಮಟ್ಟಿಗೆ ಮೊದಲಿನ ಕಳ್ಳರೇ.

ಆದರೆ ಇಷ್ಟೆಲ್ಲಾ ಏರ್ಪಾಡಿದ್ದರೂ ಬಹುಮಂದಿ ದೂರು ಕೊಡುವುದಿಲ್ಲ. ಕಾರಣ ನಾಚಿಕೆ. ಹಿರಿಯರನ್ನು, “ಮಗನಿಗೆ ಹೇಳಿದಿರಾ?” ಎಂದು ಕೇಳಿದೆವು. ಅವರು ತಲೆಯಾಡಿಸಿದರು. ಮೂರನೆಯ ಸಲ ಹಣ ಕಳುಹಿಸುವ ಹಿಂದಿನ ರಾತ್ರಿಯೇ ಅವರಿಗೆ ಮನಸ್ಸಿನಲ್ಲಿ ಏನೋ ಸರಿಯಿಲ್ಲವೆನ್ನಿಸಿತ್ತಂತೆ. “ಹೇಳಿದರೆ, ಅಪ್ಪನಿಗೆ ಬುದ್ಧಿ ಮಂಕಾಯಿತು ಅಂದಾರೆಂದು ಸುಮ್ಮನಾದೆ” ಎಂದರು. ಐವತ್ತು ವರ್ಷ ಬೇಸಾಯ ಮಾಡಿ ಮನೆಯನ್ನು ನಡೆಸಿದವರ ಬಾಯಿಂದ ಬಂದ ಆ ಮಾತನ್ನು ಕೇಳಿ ನಮಗೆ ಬಹಳ ವ್ಯಸನವಾಯಿತು. ವಂಚಕನಿಗೆ ಇರುವ ದೊಡ್ಡ ಬಂಡವಾಳ ಈ ಮೌನವೇ. ಓದಿದ ನೌಕರರೂ ಬ್ಯಾಂಕಿನಲ್ಲಿ ಕೆಲಸ ಮಾಡಿದವರೂ ಇಂಥ ಬಲೆಗೆ ಬಿದ್ದಿರುವರು. ಮನೆಯ ಮಕ್ಕಳು ಹಿರಿಯರನ್ನು ಹಂಗಿಸದೆ ಕೇಳುವುದನ್ನು ಕಲಿತರೆ, ಎಷ್ಟೋ ಹಣ ಎರಡನೆಯ ಮೂರನೆಯ ಸಲಕ್ಕೆ ಹೋಗದೆ ಉಳಿದೀತು.

ನಮ್ಮ ಕೇಂದ್ರದಿಂದಲೇ ಅವರು 1930ಕ್ಕೆ ಫೋನ್ ಮಾಡಿದರು. ಕಡೆಯ ಸಲ ಕಳುಹಿಸಿದ 14,000 ರೂಪಾಯಿಗಳು ಹಿಂದಿನ ದಿನವಷ್ಟೇ ಹೋಗಿದ್ದುದರಿಂದ, ಅದರಲ್ಲಿ ಒಂದು ಭಾಗ ಒಂದು ಖಾತೆಯಲ್ಲಿ ತಡೆಹಿಡಿಯಲ್ಪಟ್ಟಿತೆಂದು ಆಮೇಲೆ ತಿಳಿಯಿತು. ಅದು ಕೈಗೆ ಬರಲು ಕಾಗದಪತ್ರಗಳ ಓಡಾಟ ನಡೆದಿದೆ. ಮಿಕ್ಕದ್ದು ಹೋಯಿತು. ಹದ ಕಾಯುವುದಿಲ್ಲವಾದ ಕಾರಣ, ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ಯಂತ್ರವನ್ನು ಗೊತ್ತುಮಾಡಿಕೊಟ್ಟೆವು. ಮೃಗಶಿರಾ ಮಳೆಯಲ್ಲಿ ಅವರ ಹೊಲದ ಉಳುಮೆ ಮುಗಿದು ರಾಗಿ ಬಿತ್ತನೆಯಾಯಿತು. ಬಾಡಿಗೆಯನ್ನು ಕಟ್ಟಲು ಮಗನೇ ಬಂದಿದ್ದನು.

ಆ ಅಂಗಡಿ ವಾರದೊಳಗೆ ಮುಚ್ಚಿಹೋಯಿತು. ಹದಿನೈದು ದಿನಗಳ ಮೇಲೆ ಅದೇ ಕಾರ್ಖಾನೆಯ ಚಿತ್ರ, ಅದೇ ಸಾಲು ಯಂತ್ರಗಳು, ಬೇರೊಂದು ಹೆಸರಿನಲ್ಲಿ ಮತ್ತೆ ಕಾಣಿಸಿಕೊಂಡುವು. ಬೆಲೆಯನ್ನು ಮಾತ್ರ ಐನೂರು ರೂಪಾಯಿ ಇಳಿಸಿದ್ದರು. ಅದನ್ನು ನಮಗೆ ತೋರಿಸಿ, ದೂರಿಗೆ ಸೇರಿಸಬೇಕೆಂದು ಮೊಬೈಲನ್ನು ಮೇಜಿನ ಮೇಲಿಟ್ಟವರು ಆ ಹಿರಿಯರೇ.